ಸೀಟು ತ್ಯಾಗಿಗಳಿಗೊಂದು ಬಿನ್ನವತ್ತಳೆ

ದೃಷ್ಟಿ, ಜಲ, ಮಲ್ಲ ಎಂಬ ಮೂರೂ ಯುದ್ಧಗಳಲ್ಲಿ ಅಣ್ಣನನ್ನು ಗೆದ್ದು, ಗೆದ್ದ ರಾಜ್ಯವನ್ನು ಅಲ್ಲಿಯೇ ಬಿಟ್ಟು ತಪಸ್ಸಿಗೆ ಹೊರಟ ಬಾಹುಬಲಿಯನ್ನು ಬೆಟ್ಟದ ಮೇಲೆ ನಿಲ್ಲಿಸಿ ಪೂಜಿಸುವ ನಾಡು ನಮ್ಮದು. ಇಂತಹ ನಾಡಿನಲ್ಲಿ, 20 ಲಕ್ಷಕ್ಕೂ ಹೆಚ್ಚು ಮಂದಿ ಬರೆಯುವ ನೀಟ್ ಪರೀಕ್ಷೆಯಲ್ಲಿ ಉನ್ನತ ರ‍್ಯಾಂಕ್ ಗಳಿಸಿ, ವೈದ್ಯಕೀಯ ಸೀಟನ್ನು ತಮ್ಮ ಹೆಸರಿಗೆ ಬರೆಸಿಕೊಂಡು, ಸೀಟು ಹಂಚಿಕೆಯ ಕೊನೆಯ ಸುತ್ತಿನ ಹೊತ್ತಿಗೆ ನಿರ್ಮೋಹದಿಂದ ಅದನ್ನು ಬಿಟ್ಟುಕೊಡುವ ಮಹಾನುಭಾವರಿಗೆ ಇದುವರೆಗೆ ಯಾರೂ ಒಂದು ಶಾಲನ್ನೂ ಹೊದಿಸಿಲ್ಲ ಎಂಬುದು ವಿಷಾದದ ಸಂಗತಿ.

ಹಾಗೆಂದು ಸೀಟು ಬಿಡುವವರೆಲ್ಲರನ್ನೂ ಒಂದೇ ವೇದಿಕೆಯಲ್ಲಿ ಕೂರಿಸಲಾಗದು. ರಾಜ್ಯದ ಮೊದಲ ಸುತ್ತಿನಲ್ಲಿ ಬೀದರಿನಲ್ಲಿ ಸೀಟು ಪಡೆದ ವಿದ್ಯಾರ್ಥಿನಿಗೆ ಅಖಿಲ ಭಾರತ ಕೋಟಾದಲ್ಲಿ ಇನ್ನೂ ಒಳ್ಳೆಯ ಕಾಲೇಜು ದೊರೆತರೆ ಆಕೆ ಹಳೆಯದನ್ನು ಬಿಡುತ್ತಾಳೆ. ಸ್ನಾತಕೋತ್ತರ ಹಂತದಲ್ಲಿ ರೇಡಿಯಾಲಜಿ ಬಯಸಿ ಅನಾಟಮಿ ಪಡೆದವನು ಮತ್ತೊಂದು ವರ್ಷ ಓದಲು ಮನೆಗೆ ಮರಳುತ್ತಾನೆ. ಶುಲ್ಕದ ಪೂರ್ಣ ವಿವರವನ್ನು ಕಾಲೇಜಿನ ಕೌಂಟರಿನಲ್ಲಿ ಮೊದಲ ಬಾರಿಗೆ ಕಂಡ ತಂದೆ ಮಗಳನ್ನು ಕರೆದುಕೊಂಡು ಹೊರನಡೆಯುತ್ತಾನೆ. ಇವು ಸಣ್ಣ ತ್ಯಾಗಗಳು. ಇಂತಹವರು ಬಿಟ್ಟ ಸೀಟು ಸಕಾಲದಲ್ಲಿ ಮುಂದಿನ ಸುತ್ತಿಗೆ ಸೇರಿದರೆ, ಸರದಿಯಲ್ಲಿ ಹಿಂದಿದ್ದ ಅರ್ಹರಿಗೆ ಅದು ಸಿಗುತ್ತದೆ ಎಂಬುದನ್ನು ಬಿಟ್ಟರೆ ಬೇರಾವ ಲಾಭವೂ ಹುಟ್ಟುವುದಿಲ್ಲ. ಲಾಭ ಹುಟ್ಟದ ತ್ಯಾಗಕ್ಕೆ ಸನ್ಮಾನವೇಕೆ?

ನಮ್ಮ ಬಿನ್ನವತ್ತಳೆ ಸಲ್ಲಬೇಕಾದುದು ಮಹಾತ್ಯಾಗಿಗಳಿಗೆ. ಸೇರುವ ಉದ್ದೇಶವೇ ಇಲ್ಲದ ಖಾಸಗಿ ಕಾಲೇಜಿನ ಸೀಟನ್ನು ಇವರು ಕೌನ್ಸೆಲಿಂಗ್ ಎಂಬ ಸೀಟು ಹಂಚಿಕೆಯ ಮೂಲಕ ಕ್ರಮಬದ್ಧವಾಗಿ ಪಡೆಯುತ್ತಾರೆ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವನು ಕೊನೆಗೆ ತಾನಾದರೂ ಬಂದು ಕೂರುತ್ತಾನೆ. ಇಲ್ಲಿ ಬಾಡಿಗೆಗೆ ಹೋಗುವುದು ಟವೆಲ್ ಮಾತ್ರ. ಸುತ್ತುಗಳು ಮುಗಿಯುತ್ತಾ ಬಂದಾಗ ಟವೆಲ್ ಮೇಲೇಳುತ್ತದೆ, ಕೊನೆಗೆ ಉಳಿದ ಸೀಟು 'ಸ್ಟ್ರೇ ವೇಕೆನ್ಸಿ' ಎಂಬ ಅನಾಥನಾಮ ಪಡೆಯುತ್ತದೆ, ಆ ಅನಾಥನನ್ನು ದತ್ತು ಪಡೆಯಲು ಆಡಳಿತ ಮಂಡಳಿ ಕರುಣೆಯಿಂದ ಮುಂದೆ ಬರುತ್ತದೆ. 2021ರ ಫೆಬ್ರುವರಿಯಲ್ಲಿ ಆದಾಯ ತೆರಿಗೆ ಇಲಾಖೆಯು ಕರ್ನಾಟಕ ಮತ್ತು ಕೇರಳದ 56 ಸ್ಥಳಗಳಲ್ಲಿ ಶೋಧ ನಡೆಸಿದಾಗ ವರ್ಣಿಸಿದ ವಿಧಾನ ಇದೇ. ಹೀಗೆ ಖಾಲಿಯಾದ ಸೀಟುಗಳನ್ನು ಕಡಿಮೆ ರ‍್ಯಾಂಕಿನವರಿಗೆ ನಗದಿಗೆ ಕೊಡಲಾಗಿದೆ ಎಂದ ಇಲಾಖೆ, ಲೆಕ್ಕಕ್ಕೆ ಬಾರದ ₹402 ಕೋಟಿಗೆ ಸಾಕ್ಷ್ಯ ಸಿಕ್ಕಿದೆ ಎಂದು ಪ್ರಕಟಿಸಿತು. ಒಬ್ಬರ ವೈರಾಗ್ಯದಿಂದ ಮತ್ತೊಬ್ಬರ ಖಜಾನೆ ಇಷ್ಟು ತುಂಬಿದ ನಿದರ್ಶನ ಯಾವ ಪುರಾಣದಲ್ಲಿಯೂ ಇದ್ದಂತಿಲ್ಲ.

ಸರ್ಕಾರಗಳು ಕೈಕಟ್ಟಿ ಕುಳಿತಿಲ್ಲ. ಕೊನೆಯಲ್ಲಿ ಸೀಟು ಬಿಟ್ಟರೆ ಮುಟ್ಟುಗೋಲಾಗುವ ಭದ್ರತಾ ಠೇವಣಿ ಇದೆ. ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟಿಗೆ ಅದು ₹2 ಲಕ್ಷ. ಕೋಟಿಯ ಮಾತು ನಡೆಯುವ ಅಂಗಳದಲ್ಲಿ ಎರಡು ಲಕ್ಷದ ಭಯವನ್ನು ಕಾವಲಿಗೆ ನಿಲ್ಲಿಸಿದವರ ಮುಗ್ಧತೆಯನ್ನು ಮೆಚ್ಚಲೇಬೇಕು. 2025ರಲ್ಲಿ ಸುಪ್ರೀಂ ಕೋರ್ಟ್, ಸ್ನಾತಕೋತ್ತರ ಸೀಟು ಹಂಚಿಕೆಯ ಪ್ರಕರಣವೊಂದರಲ್ಲಿ, ಕೇಂದ್ರ ಮತ್ತು ರಾಜ್ಯಗಳ ಕೌನ್ಸೆಲಿಂಗ್ ವೇಳಾಪಟ್ಟಿ ಹೊಂದಿಕೆಯಾಗಬೇಕು, ಕಾಲೇಜುಗಳು ಶುಲ್ಕವನ್ನು ಮೊದಲೇ ಪ್ರಕಟಿಸಬೇಕು, ಆಧಾರ್ ಮೂಲಕ ಸೀಟುಗಳ ಮೇಲೆ ಕಣ್ಣಿಡಬೇಕು ಎಂದು ಹೇಳಬೇಕಾಯಿತು. ಎರಡು ಕಚೇರಿಗಳು ಒಂದೇ ಕ್ಯಾಲೆಂಡರ್ ನೋಡಬೇಕೆಂಬುದನ್ನು ಹೇಳಲು ದೇಶದ ಅತ್ಯುನ್ನತ ನ್ಯಾಯಾಲಯವೇ ಬೇಕಾಯಿತು. ಖಾಲಿ ಸೀಟು ತುಂಬಿಸುವ ಇನ್ನೊಂದು ಉಪಾಯವನ್ನು ಆರೋಗ್ಯ ಸಚಿವಾಲಯ 2023ರಲ್ಲಿಯೇ ಕಂಡುಕೊಂಡಿತ್ತು: ಸ್ನಾತಕೋತ್ತರ ಪ್ರವೇಶದ ನೀಟ್ ಪಿಜಿ ಪರೀಕ್ಷೆಯಲ್ಲಿ ಅರ್ಹತೆಗೆ ಬೇಕಾದ ಕನಿಷ್ಠ ಪರ್ಸೆಂಟೈಲನ್ನು ಎಲ್ಲ ವರ್ಗಗಳಿಗೂ ಸೊನ್ನೆಗೆ ಇಳಿಸಿ, ಅಂಕಪಟ್ಟಿಯಲ್ಲಿ ಮೈನಸ್ ಚಿಹ್ನೆ ಹೊತ್ತವರನ್ನೂ ಒಳಗೆ ಕರೆಯುವುದು. ಬಿಟ್ಟುಹೋದವರ ಮನಸ್ಸನ್ನು ಅರಿಯುವುದಕ್ಕಿಂತ ಬಾಗಿಲನ್ನೇ ಕಿತ್ತಿಡುವುದು ಸುಲಭವಲ್ಲವೇ?

ಆದ್ದರಿಂದ ರಾಜ್ಯದ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ ನಮ್ಮದೊಂದು ವಿನಮ್ರ ಸಲಹೆ. ಸಿಇಟಿ ಸೀಟು ಹಂಚಿಕೆಯಲ್ಲಿ ಈಗಾಗಲೇ ನಾಲ್ಕು ಆಯ್ಕೆಗಳಿವೆ: 'ಸೇರುತ್ತೇನೆ'; 'ಒಪ್ಪಿದ್ದೇನೆ, ಆದರೆ ಇನ್ನೂ ನೋಡುತ್ತೇನೆ'; 'ಒಪ್ಪಿಲ್ಲ, ಮುಂದಿನ ಸುತ್ತಿಗೆ ಬರುತ್ತೇನೆ'; 'ಹೊರಡುತ್ತೇನೆ'. ವೈದ್ಯಕೀಯಕ್ಕೆಂದೇ ಐದನೆಯದೊಂದನ್ನು ಸೇರಿಸಲಿ: 'ಈ ಸೀಟು ನನಗೆ ಬೇಡ, ಹಿಡಿದುಕೊಂಡಿರಲು ಬಂದಿದ್ದೇನೆ.' ಅದನ್ನು ಆರಿಸಿದವರಿಗೆ ಮಲ್ಲೇಶ್ವರದ ಕಚೇರಿಯಲ್ಲಿ ಪ್ರತ್ಯೇಕ ಕೌಂಟರ್, ಕಾಫಿ, ಮತ್ತು ಶೇ 18ರ ಜಿಎಸ್‌ಟಿ ಸೇರಿಸಿ ರಸೀದಿ ದೊರೆಯಲಿ.