ನಾಲ್ಕು ಹಲ್ಲು ಕಿತ್ತ ಕಥೆ

ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಬುದ್ಧಿ ಇದ್ದವರು ಯಾರೂ ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ. ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕಿಕೊಳ್ಳುತ್ತವೆ. ಅಂಥ ಮೇ ತಿಂಗಳ ಒಂದು ಮಧ್ಯಾಹ್ನ, ಹೊರಗೆ 42 ಡಿಗ್ರಿ ಬಿಸಿಲು ಇರುವಾಗ, ನಾನು ನನ್ನ ಹಳೆ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಕೂತೆ.

ನನ್ನದು ಮನೆಯಲ್ಲೇ ಡಿಟಿಪಿ ಕೆಲಸ. ಮದುವೆ ಕಾರ್ಡು, ಪಿಎಚ್‌ಡಿ ಪ್ರಬಂಧ, ಗೃಹಪ್ರವೇಶದ ಆಮಂತ್ರಣ, ಬಂದದ್ದೆಲ್ಲ ಮಾಡುತ್ತೇನೆ. ಕೈಬರಹದ ಸ್ಕ್ಯಾನ್ ನೋಡುವುದೂ ಅದೇ ಮಾನಿಟರಿನಲ್ಲಿ, ಟೈಪ್ ಮಾಡುವುದೂ ಅದೇ ಮಾನಿಟರಿನಲ್ಲಿ. ಇದನ್ನು ಮುಚ್ಚಿ ಅದನ್ನು ತೆರೆಯುವ ಗಡಿಬಿಡಿಯಲ್ಲಿ ಒಮ್ಮೆ ವರನ ಜಾಗಕ್ಕೆ ವರನ ಅಜ್ಜನ ಹೆಸರು ಕೂರಿಸಿದ್ದೆ. ಪ್ರೂಫ್ ನೋಡಿ ಮನೆಯವರೆಲ್ಲ ಸಿಟ್ಟಾದರು, ಅಜ್ಜ ಒಬ್ಬರನ್ನು ಬಿಟ್ಟು. ಅವತ್ತೇ ತೀರ್ಮಾನಿಸಿದೆ, ಎರಡು ಮಾನಿಟರ್ ಬೇಕೇ ಬೇಕು ಅಂತ.

ಮಾನಿಟರುಗಳೇನೋ ಎರಡು ಇದ್ದವು. ಒಂದು 19 ಇಂಚಿನ ಹಳೆಯದು, ಅದಕ್ಕೆ ವಿಜಿಎ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಇನ್ನೊಂದು 22 ಇಂಚಿನ ಹೊಸದು, ಅದಕ್ಕೆ ಎಚ್‌ಡಿಎಂಐ ಮಾತ್ರ. ಕಂಪ್ಯೂಟರ್ 2012ರದ್ದು. ಹಿಂದುಗಡೆ ಇದ್ದದ್ದು ಒಂದೇ ನೀಲಿ ವಿಜಿಎ ಪೋರ್ಟ್. 15 ಪಿನ್ನಿನ ಈ ಪೋರ್ಟನ್ನು ಐಬಿಎಂನವರು ತಂದದ್ದು 1987ರಲ್ಲಿ. ಅಂದರೆ ನನ್ನ ಮದುವೆಗಿಂತ ಹಳೆಯ ಸಂಬಂಧ.

ಅಕ್ಕನ ಮಗ ಬೀದರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಫೋನ್ ಮಾಡಿದೆ.

"ಮಾಮಾ, ಒಂದು ಗ್ರಾಫಿಕ್ಸ್ ಕಾರ್ಡ್ ಹಾಕ್ರಿ. ಹತ್ತು ನಿಮಿಷದ ಕೆಲಸ ಅದ."

ಕಾರ್ಡ್ ಆರಿಸುವಾಗ ಮಾತ್ರ ನಾನು ಜಾಣತನ ತೋರಿಸಿದೆ. ದೊಡ್ಡ ಕಾರ್ಡುಗಳಿಗೆ ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿಗೆ ಕರೆಂಟ್ ಹಂಚುವ ಡಬ್ಬಿ) ಬೇರೆ ವೈರು ಬೇಕು, ನನ್ನ ಹಳೆ ಎಸ್‌ಎಂಪಿಎಸ್‌ನಲ್ಲಿ ಅದು ಇರಲಿಲ್ಲ. ಮದರ್‌ಬೋರ್ಡಿನ ಸ್ಲಾಟೇ 75 ವ್ಯಾಟ್‌ವರೆಗೆ ಕೊಡುತ್ತದೆ. ಜಿಟಿ 1030 ಕಾರ್ಡಿಗೆ 30 ವ್ಯಾಟ್ ಸಾಕು. ಅದನ್ನೇ ತಂದೆ. ಅದರಲ್ಲಿ ಒಂದು ಎಚ್‌ಡಿಎಂಐ, ಒಂದು ಡಿವಿಐ. ಎರಡು ಮಾನಿಟರಿಗೆ ಎರಡು ತೂತು, ಲೆಕ್ಕ ಸರಿಯಾಯಿತು ಅಂದುಕೊಂಡೆ.

ಕಾರ್ಡ್ ಸ್ಲಾಟಿನಲ್ಲಿ ಕೂತಿತು. ಆನ್ ಮಾಡಿದೆ. ಕಪ್ಪು. ಅರ್ಧ ಗಂಟೆ ಒದ್ದಾಡಿದ ಮೇಲೆ ತಿಳಿಯಿತು, ವೈರನ್ನು ಹಳೆ ಪೋರ್ಟಿನಲ್ಲೇ ಬಿಟ್ಟಿದ್ದೆ. ಹೊಸ ಕಾರ್ಡ್ ಬಂದ ಕೂಡಲೇ ಹಳೆಯ ಪೋರ್ಟ್ ತಾನಾಗೇ ಬಾಯಿ ಮುಚ್ಚಿಕೊಳ್ಳುತ್ತದಂತೆ. ಹೊಸ ಮಾನಿಟರನ್ನು ಕಾರ್ಡಿನ ಎಚ್‌ಡಿಎಂಐಗೆ ಹಾಕಿದೆ, ಬಂತು. ಇಷ್ಟು ತಪ್ಪು ಎಲ್ಲರೂ ಮಾಡುತ್ತಾರೆ, ಬಿಡಿ.

ಎರಡನೇ ಮಾನಿಟರಿಗೆ ಕರೆಂಟ್ ಕೊಡಬೇಕಲ್ಲ. ಗೋಡೆಯ ಬೋರ್ಡಿನಲ್ಲಿ ಮೂರು ಪಾಯಿಂಟ್: ಸಿಪಿಯು, ಮೊದಲ ಮಾನಿಟರ್, ಕೂಲರ್. ಐದು ನಿಮಿಷ ತಾನೇ ಅಂತ ಕೂಲರ್ ಪ್ಲಗ್ ಕಿತ್ತು ಮಾನಿಟರಿನದ್ದು ಚುಚ್ಚಿದೆ.

"ಕೂಲರಿಗೆ ಏನಾಗ್ಯದ್ರಿ?" ಪಕ್ಕದ ಕೋಣೆಯಿಂದ ಹೆಂಡತಿಯ ದನಿ.

"ಕರೆಂಟ್ ಹೋಗಿರಬೇಕು."

"ಫ್ಯಾನ್ ತಿರಗಲತ್ತದಲ್ರೀ."

ಪ್ಲಗ್ಗು ಮತ್ತೆ ಕೂಲರಿಗೆ ಹೋಯಿತು. ಎಕ್ಸ್‌ಟೆನ್ಶನ್ ಬೋರ್ಡ್ ಇವತ್ತೇ ತರುತ್ತೇನೆ ಅಂತ ಮಾತು ಕೊಟ್ಟೆ. ಸಂಜೆ ಬಿಸಿಲು ಇಳಿದ ಮೇಲೆ ಸೂಪರ್ ಮಾರ್ಕೆಟ್ಟಿಗೆ ಹೋದೆ. (ಹೊರಗಿನಿಂದ ಬಂದವರು ಇದನ್ನು ಎಸಿ ಹಾಕಿದ ಅಂಗಡಿ ಅಂದುಕೊಳ್ಳುತ್ತಾರೆ. ಇದು ನಮ್ಮೂರಿನ ಪೇಟೆಯ ಹೆಸರು.) ಅಂಗಡಿಯವನಿಗೆ ಡಿವಿಐನಿಂದ ವಿಜಿಎ ಮಾಡುವ ಪಿನ್ ಬೇಕು ಅಂದೆ. ಡಬ್ಬಿಯಲ್ಲಿ ಕೈಯಾಡಿಸಿ ಒಂದು ತೆಗೆದುಕೊಟ್ಟ. ಬರುವಾಗ ಮಿರ್ಚಿ ಭಜಿ ಕಟ್ಟಿಸಿಕೊಂಡೆ. ಎಕ್ಸ್‌ಟೆನ್ಶನ್ ಬೋರ್ಡ್ ಮರೆತೆ.

ಪಿನ್ ಕೂರಲಿಲ್ಲ. ತಿರುಗಿಸಿದೆ, ಒತ್ತಿದೆ, ಊದಿದೆ, ಮತ್ತೆ ಒತ್ತಿದೆ. ಊಹುಂ. ಟಾರ್ಚ್ ಹಾಕಿ ನೋಡಿದರೆ ಪಿನ್ನಿನ ಒಂದು ತುದಿಗೆ ಚಪ್ಪಟೆ ಪಟ್ಟಿ, ಅದರ ಸುತ್ತ ನಾಲ್ಕು ಸಣ್ಣ ಹಲ್ಲು. ಕಾರ್ಡಿನ ಕಡೆ ಆ ನಾಲ್ಕಕ್ಕೆ ತೂತೇ ಇಲ್ಲ.

ಇಲ್ಲಿ ಒಬ್ಬ ವಿವೇಕಿ ಏನು ಮಾಡುತ್ತಿದ್ದ? ಫೋನ್ ಮಾಡುತ್ತಿದ್ದ. ನಾನು ಇಕ್ಕಳ ತಂದೆ.

ತೂತಿಲ್ಲ ಅಂದ ಮೇಲೆ ಆ ಹಲ್ಲುಗಳಿಗೆ ಕೆಲಸವೂ ಇಲ್ಲ ಅನ್ನುವುದು ನನ್ನ ತರ್ಕ. ಕೇಳಲು ಸರಿಯಾಗೇ ಇತ್ತು. ಒಂದೊಂದಾಗಿ ಹಿಡಿದು, ಅಲುಗಾಡಿಸಿ, ನಾಲ್ಕನ್ನೂ ಕಿತ್ತೆ. ಮೂರನೆಯದು ಸ್ವಲ್ಪ ಸತಾಯಿಸಿತು. ಕಿತ್ತ ಹಲ್ಲುಗಳನ್ನು ಭಜಿ ತಿಂದ ಕಾಗದದಲ್ಲಿ ಇಟ್ಟೆ. ಹೆಮ್ಮೆಯಿಂದ ಪಿನ್ ಒತ್ತಿದೆ.

ಆದರೂ ಹೋಗಲಿಲ್ಲ. ಈಗ ಆ ಚಪ್ಪಟೆ ಪಟ್ಟಿ ಅಡ್ಡ ಬಂತು. ಅದು ಕಾರ್ಡಿನ ಸೀಳಿಗಿಂತ ಒಂದು ಕೂದಲೆಳೆ ಅಗಲ. ಇಕ್ಕಳ ಹಿಡಿದು ಕೂರುವ ನನ್ನಂಥವರು ಲೋಕದಲ್ಲಿ ಇದ್ದಾರೆ ಅಂತ ಗೊತ್ತಿದ್ದೇ ಅದನ್ನು ಅಗಲ ಮಾಡಿರಬೇಕು ಅಂತ ನನಗೆ ಈಗಲೂ ಅನುಮಾನ.

ಆಮೇಲೆ ಫೋನ್ ಮಾಡಿದೆ. ವಿಡಿಯೊ ಕಾಲಿನಲ್ಲಿ ಬೋಳು ಪಿನ್ ತೋರಿಸಿದೆ. ಹುಡುಗ ತುಂಬಾ ಹೊತ್ತು ಮಾತಾಡಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ.

"ಮಾಮಾ, ಆ ನಾಲ್ಕರಾಗೇ ಕೆಂಪು, ಹಸಿರು, ನೀಲಿ ಹೋಗ್ತಾವ್ರಿ. ಇನ್ನೊಂದರಾಗ ಸಾಲು ಹೊಂದಸೋ ಸಿಗ್ನಲ್. ನೀವು ಕಿತ್ತಿದ್ದು ಚಿತ್ರಾನೇ."

ಡಿವಿಐನಲ್ಲೂ ಜಾತಿಗಳಿವೆಯಂತೆ. ಡಿವಿಐ-ಐ ಆದರೆ ಡಿಜಿಟಲ್ ಜೊತೆ ಹಳೆಯ ಅನಲಾಗ್ ಸಿಗ್ನಲ್ಲೂ ಬರುತ್ತದೆ, ಅದಕ್ಕೇ ಆ ಹಲ್ಲುಗಳು. ನನ್ನ ಕಾರ್ಡಿನದು ಡಿವಿಐ-ಡಿ, ಬರೀ ಡಿಜಿಟಲ್. ವಿಜಿಎ ಅನಲಾಗ್. ಬರೀ ಪಿನ್ನಿನ ಆಕಾರ ಬದಲಿಸಿದರೆ ಸಿಗ್ನಲ್ ಬದಲಾಗುವುದಿಲ್ಲ. ನಡುವೆ ಒಂದು ಚಿಪ್ ಕೂತು ಅನುವಾದ ಮಾಡಬೇಕು. ಅಂಥ ಕನ್ವರ್ಟರ್ ಎಚ್‌ಡಿಎಂಐನಿಂದ ವಿಜಿಎಗೆ ಸಿಗುತ್ತದೆ. ಆದರೆ ಎಚ್‌ಡಿಎಂಐ ಜಾಗದಲ್ಲಿ ಈಗಾಗಲೇ ಹೊಸ ಮಾನಿಟರ್ ಕೂತಿದೆಯಲ್ಲ? ಅದನ್ನು ಎಬ್ಬಿಸಿ ಡಿವಿಐ ಕಡೆ ಕಳಿಸಬೇಕು. ಡಿವಿಐ-ಡಿ, ಎಚ್‌ಡಿಎಂಐ ಎರಡೂ ಡಿಜಿಟಲ್ ಬಳಗದವು, ಅವುಗಳ ನಡುವೆ ಒಂದು ಸಾದಾ ಕೇಬಲ್ ಸಾಕು. ಒಟ್ಟಿನಲ್ಲಿ ಮದುವೆ ಮನೆಯಲ್ಲಿ ಬೀಗರಿಗೆ ಜಾಗ ಮಾಡಲು ನೆಂಟರನ್ನು ಎಬ್ಬಿಸಿದ ಹಾಗೆ.

ಮರುದಿನ ಮತ್ತೆ ಅದೇ ಅಂಗಡಿ. ಪಿನ್ ಬದಲಾಯಿಸಿ ಕೊಡಿ ಅಂದೆ. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಹಲ್ಲು ಎಲ್ಲಿ ಹೋದ್ವು ಸರ?"

"ನೀವು ಕೊಟ್ಟಾಗಲೇ ಹೀಗಿತ್ತು."

ಅವನು ಏನೂ ಅನ್ನಲಿಲ್ಲ. ಡಬ್ಬಿಯಿಂದ ಅದೇ ಥರದ ಆರು ಪಿನ್ ತೆಗೆದು ಕೌಂಟರ್ ಮೇಲೆ ಸಾಲಾಗಿ ಜೋಡಿಸಿದ. ಆರಕ್ಕೂ ಹಲ್ಲಿದ್ದವು. ನಾನು ಸುಮ್ನೆ ಕನ್ವರ್ಟರ್, ಕೇಬಲ್ ಎರಡಕ್ಕೂ ದುಡ್ಡು ಕೊಟ್ಟು, ಚೌಕಾಸಿ ಕೂಡ ಮಾಡದೆ ಬಂದೆ. ಆ ನಾಚಿಕೆಯಲ್ಲಿ ಎಕ್ಸ್‌ಟೆನ್ಶನ್ ಬೋರ್ಡ್ ಮತ್ತೆ ಮರೆತೆ.

ಮನೆಗೆ ಬಂದು ಮೇಜಿನ ಕೆಳಗೆ ಮಲಗಿ ವೈರು ಬದಲಿಸಿದೆ. ನಮ್ಮದು ಶಹಾಬಾದ್ ಕಲ್ಲಿನ ನೆಲ. ಬೇಸಿಗೆಯಲ್ಲಿ ಇಡೀ ಮನೆಯಲ್ಲಿ ತಂಪಾದ ಜಾಗ ಅಂದರೆ ಮೇಜಿನ ಕೆಳಗಿನ ಆ ಎರಡು ಅಡಿ. ವೈರು ಹುಡುಕುವ ನೆಪದಲ್ಲಿ ಅಲ್ಲೇ ಒಂದು ಸಣ್ಣ ನಿದ್ದೆಯೂ ಆಯಿತು. ಎದ್ದು, ಹೆಂಡತಿ ಹಾಲು ತರಲು ಹೋದ ಹೊತ್ತು ನೋಡಿ ಪ್ಲಗ್ ಬದಲಿಸಿ, ಆನ್ ಮಾಡಿದೆ. ಎರಡೂ ಹೊತ್ತಿಕೊಂಡವು!

ಆದರೆ ಮೌಸ್‌ಗೆ ದಿಕ್ಕು ತಪ್ಪಿತ್ತು. ಹಳೆ ಮಾನಿಟರ್ ನನ್ನ ಎಡಕ್ಕಿದೆ. ಬಾಣವನ್ನು ಎಡಕ್ಕೆ ತಳ್ಳಿದರೆ ಗೋಡೆಗೆ ಹೊಡೆದ ಹಾಗೆ ನಿಲ್ಲುತ್ತದೆ. ಬಲಕ್ಕೆ ತಳ್ಳಿದರೆ ಎಡಗಡೆಯ ಮಾನಿಟರಿನಲ್ಲಿ ಪ್ರತ್ಯಕ್ಷ! ಒಂದು ಸಂಜೆಯೆಲ್ಲ ನಾನು ಬಲಕ್ಕೆ ಹೋಗಿ ಎಡಕ್ಕೆ ಬರುವುದನ್ನು ಅಭ್ಯಾಸ ಮಾಡಿದೆ. ಸಾಕಷ್ಟು ಪಳಗಿದ್ದೆ ಕೂಡ. ಆಮೇಲೆ ಹುಡುಗ ಹೇಳಿದ, ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 1, 2 ಅಂತ ಎರಡು ಚೌಕ ಇರುತ್ತವೆ, 2ನ್ನು ಎಳೆದು 1ರ ಎಡಕ್ಕೆ ಇಡಿ ಅಂತ. ಎಳೆದೆ. ಸರಿಯಾಯಿತು. ಈಗ ಕೈಗೆ ಹೊಸ ಅಭ್ಯಾಸ ಬಿಡಿಸಲು ಎರಡು ದಿನ ಬೇಕಾಯಿತು.

ಫೋನ್ ಇಡುವ ಮುಂಚೆ ಅವನು ಮೆಲ್ಲಗೆ ಇನ್ನೊಂದು ಮಾತು ಸೇರಿಸಿದ.

"ಮಾಮಾ, ಕಂಪ್ಯೂಟರ್ ಶುರುವಾಗೋವಾಗ ತೆರೆಯೋ ಬಯೋಸ್‌ನಾಗ ಒಂದು ಸೆಟ್ಟಿಂಗ್ ಇರ್ತದ. ಅದನ್ನ ಆನ್ ಮಾಡಿದ್ರ ಮದರ್‌ಬೋರ್ಡಿನ ಹಳೆ ವಿಜಿಎ ಪೋರ್ಟೂ ಕಾರ್ಡಿನ ಜೋಡಿ ನಡೀತಿತ್ತು. ಕನ್ವರ್ಟರ್ ಬೇಕಿರಲಿಲ್ಲ."

"ಮೊದಲೇ ಯಾಕ ಹೇಳಲಿಲ್ಲೋ?"

"ನೀವು ಹಲ್ಲು ತೋರಿಸಿದ ಮ್ಯಾಲೆ ನನಗ ಏನೂ ಹೊಳೀಲಿಲ್ರಿ."

ಆ ಸೆಟ್ಟಿಂಗಿಗೆ ನಾನು ಕೈ ಹಚ್ಚಲಿಲ್ಲ. ದುಡ್ಡು ಕೊಟ್ಟು ತಂದ ಕನ್ವರ್ಟರಿಗೆ ಅವಮಾನ ಮಾಡಬಾರದು, ಅಲ್ವಾ?

ನಾಲ್ಕನೇ ದಿನ ಮಧ್ಯಾಹ್ನ ಒಂದು ಮದುವೆ ಕಾರ್ಡಿನ ಕೆಲಸ. ಸಂಜೆಯೊಳಗೆ ಪ್ರೂಫ್ ಬೇಕು. ಊಟ ಮಾಡಿ, ರೊಟ್ಟಿ, ಶೇಂಗಾ ಹಿಂಡಿ ಇಳಿಯುವ ಮುಂಚೆಯೇ ಬಂದು ಕೂತೆ. ಹಳೆ ಮಾನಿಟರ್ ಮತ್ತೆ ಕಪ್ಪು. ಕನ್ವರ್ಟರ್ ಬಿಸಿಯಾಗಿ ಕೈಕೊಟ್ಟಿತೇ? ಬಿಚ್ಚಿ ಹಾಕಿದೆ. ಕೇಬಲ್ ಅದಲು ಬದಲು ಮಾಡಿದೆ. ಕಂಪ್ಯೂಟರ್ ಬಂದ್ ಮಾಡಿ, ಕಾರ್ಡನ್ನೇ ಕಿತ್ತು, ಅದರ ಬಂಗಾರ ಬಣ್ಣದ ಅಂಚನ್ನು ರಬ್ಬರಿನಿಂದ ಒರೆಸಿ ಮತ್ತೆ ಕೂರಿಸಿದೆ. ಕಪ್ಪು. 'ನೋ ಸಿಗ್ನಲ್' ಅನ್ನುವ ಅಕ್ಷರ ಕೂಡ ಇಲ್ಲ. ಕೆಳಗಿನ ಸಣ್ಣ ದೀಪವೂ ಇಲ್ಲ. ಆ ದೀಪದ ಬಗ್ಗೆ ಆಗಲೇ ಯೋಚಿಸಬೇಕಿತ್ತು.

ಬಾಗಿಲ ಬಳಿ ಚಾಪೆ ಹಾಸಿ ಮಲಗಿದ್ದ ಹೆಂಡತಿ ಕಣ್ಣು ತೆರೆಯದೆ ಕೇಳಿದಳು, "ಏನ್ ಹುಡಕಲತ್ತೀರಿ?"

"ಸಿಗ್ನಲ್."

"ಹೂಂ," ಅಂದು, ಮುಖಕ್ಕೆ ಗಾಳಿ ಬರುವ ಹಾಗೆ ಈ ಮಗ್ಗುಲಾದಳು.

ತಂಪು ಗಾಳಿ. ನಾನು ತಲೆ ಎತ್ತಿ ಕೂಲರ್ ಕಡೆ ನೋಡಿದೆ. ಆಮೇಲೆ ಗೋಡೆಯ ಬೋರ್ಡ್ ಕಡೆ.