ಕ್ರಿಯೆ ಬೇಡ, ಕ್ರಿಯಾಪದ ಸಾಕು

ವ್ಯಾಕರಣ ಕಲಿತರೆ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವವರು ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನಕ್ಕೆ ಒಮ್ಮೆ ಹೋಗಿಬರಬೇಕು. ಸಾವಿರಾರು ಜನ ವಿಮಾನದಲ್ಲಿ ಬಂದಿಳಿದು, ಎರಡು ವಾರ ಹಗಲುರಾತ್ರಿ ಅರೆಯುವುದು ವ್ಯಾಕರಣವನ್ನೇ.

ಅಲ್ಲಿನ ಕರಡನ್ನು ನೋಡಿದರೆ ಕಣ್ಣು ತಂಪಾಗುತ್ತದೆ. ಒಮ್ಮತ ಸಿಗದ ಪದಗಳೆಲ್ಲ ಚೌಕ ಆವರಣದೊಳಗೆ ಬಂದಿ. 'ಮಾಡತಕ್ಕದ್ದು' ಒಂದು ಪಂಜರದಲ್ಲಿ, 'ಮಾಡಬೇಕು' ಪಕ್ಕದ್ದರಲ್ಲಿ, ಎರಡೂ ಒಂದನ್ನೊಂದು ದುರುಗುಟ್ಟಿ ನೋಡುತ್ತಿರುತ್ತವೆ. ಇದನ್ನು ಹಗುರವಾಗಿ ಕಾಣಬೇಡಿ. 2015ರಲ್ಲಿ ಪ್ಯಾರಿಸ್ ಒಪ್ಪಂದ ಇನ್ನೇನು ಅಂಗೀಕಾರವಾಗಬೇಕು ಎನ್ನುವಾಗ, ಶ್ರೀಮಂತ ದೇಶಗಳು ಹೊಗೆ ಇಳಿಸುವ ಸಾಲಿನಲ್ಲಿ 'ತಕ್ಕದ್ದು' ನುಸುಳಿರುವುದು ಅಮೆರಿಕದ ಕಣ್ಣಿಗೆ ಬಿತ್ತು. 'ತಕ್ಕದ್ದು' ಎಂದರೆ ಕಾನೂನಿನ ಕಟ್ಟು. 'ಬೇಕು' ಎಂದರೆ ಹಿರಿಯರ ಹಿತವಚನ. ಕಡೆಗೆ ಅದು ಬೆರಳಚ್ಚಿನ ತಪ್ಪೆಂದು ತಿದ್ದುಪಡಿ ಓದಿ ಮುಗಿಸಿದರು. ಭೂಮಿ ಉಳಿಸುವ ಹೊಣೆ ಕಾಗುಣಿತದ ತಪ್ಪಿನಷ್ಟು ಸಲೀಸಾಗಿ ಕಳಚಿತು.

ಕಲ್ಲಿದ್ದಲಿನ ಹೆಸರೆತ್ತಲು ಇವರಿಗೆ 26 ಸಮ್ಮೇಳನ ಬೇಕಾಯಿತು. ಹೊಸ ಸೊಸೆ ಗಂಡನ ಹೆಸರು ಹೇಳಲೂ ಇಷ್ಟು ನಾಚಿದ್ದಿಲ್ಲ. 2021ರಲ್ಲಿ ಗ್ಲಾಸ್ಗೋದಲ್ಲಿ ಹೇಳಿದರು, ಹೇಳಿದ್ದೂ ಕೊನೆಯ ಗಳಿಗೆಯಲ್ಲಿ 'ನಿಲ್ಲಿಸುತ್ತಾ ಹೋಗುವುದು' ಎಂಬಲ್ಲಿ 'ಇಳಿಸುತ್ತಾ ಹೋಗುವುದು' ಎಂದಾಗಿ. ಆ ಬದಲಾವಣೆಯನ್ನು ಸಭೆಯ ಮುಂದಿಟ್ಟವರು ನಾವೇ, ಭಾರತದವರು. ಅಧ್ಯಕ್ಷ ಆಲೋಕ್ ಶರ್ಮಾ ಕ್ಷಮೆ ಕೇಳುತ್ತ ಗದ್ಗದಿತರಾದರು. ಒಂದು ಕ್ರಿಯಾಪದಕ್ಕಾಗಿ ಸಭಾಧ್ಯಕ್ಷರು ಕಣ್ಣೀರಿಟ್ಟದ್ದನ್ನು ಯಾವ ಸಾಹಿತ್ಯ ಸಮ್ಮೇಳನದಲ್ಲಿ ಕಂಡಿದ್ದೀರಿ?

2023ರಲ್ಲಿ ದುಬೈ. ಅಧ್ಯಕ್ಷರು ಅಲ್ಲಿನ ತೈಲ ಕಂಪನಿಯ ಮುಖ್ಯಸ್ಥರೇ. ಮರುವರ್ಷ ಅಜರ್‌ಬೈಜಾನ್‌ನ ಬಾಕುವಿನಲ್ಲಿ, ತೈಲ ಮತ್ತು ಅನಿಲ ದೇವರ ಕೊಡುಗೆ ಎಂದು ಆತಿಥೇಯ ದೇಶದ ಅಧ್ಯಕ್ಷರು ವೇದಿಕೆಯಿಂದಲೇ ಹೇಳಿದರು. ಇರಬಹುದು, ಬೆಂಕಿಯೂ ದೇವರೇ ತಾನೆ.

ಮತ ಹಾಕಿ ತೀರ್ಮಾನಿಸಬಾರದೇ ಎನ್ನುತ್ತೀರಿ. ಮತದಾನದ ನಿಯಮವೇ 1995ರ ಮೊದಲ ಸಮ್ಮೇಳನದಿಂದ ಇತ್ಯರ್ಥವಾಗಿಲ್ಲ! ಪ್ರತಿವರ್ಷ ಕರಡು ನಿಯಮಾವಳಿಯಲ್ಲಿ ಅದೊಂದನ್ನು ಬಿಟ್ಟು ಉಳಿದದ್ದನ್ನು ಅನ್ವಯಿಸಿಕೊಂಡು ಕೂರುತ್ತಾರೆ. ಹೇಗೆ ತೀರ್ಮಾನಿಸುವುದೆಂದು ತೀರ್ಮಾನವಾಗದ ಈ ಅವಧಿಯಲ್ಲಿ, ಹವಾಯಿಯ ಮೌನಾ ಲೋವಾ ವೀಕ್ಷಣಾಲಯದಲ್ಲಿ ಗಾಳಿ ಅಳೆಯುವ ಯಂತ್ರ ಮಾತ್ರ ಆವರಣ ಹಾಕದೆ ಬರೆಯುತ್ತಾ ಬಂದಿದೆ: ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಇಂಗಾಲದ ಡೈಆಕ್ಸೈಡ್ 1995ರಲ್ಲಿ ಸುಮಾರು 361, 2024ರಲ್ಲಿ ಸುಮಾರು 424. ಅದಕ್ಕೆ ವ್ಯಾಕರಣ ಬರುವುದಿಲ್ಲ, ಪಾಪ.

2025ರ ನವೆಂಬರ್ 20. ಬ್ರೆಜಿಲ್‌ನ ಬೆಲೆಮ್‌ನಲ್ಲಿ ಸಮ್ಮೇಳನದ ಆವರಣಕ್ಕೇ ಬೆಂಕಿ ಬಿತ್ತು. ಈ ಬಾರಿ ಆವರಣ ಎಂದರೆ ನಿಜವಾದ ಆವರಣ, ಮೇಲೆ ಚಾವಣಿ ಇದ್ದದ್ದು. ಹೊಗೆ ಕುಡಿದ ಕೆಲವರಿಗೆ ಚಿಕಿತ್ಸೆಯಾಯಿತು. ಹಂತಹಂತವಾಗಿ ಹೊರಡೋಣವೇ, ಅಥವಾ 2050ರ ಹೊತ್ತಿಗೆ ಬಾಗಿಲ ಕಡೆ ಮುಖ ಮಾಡೋಣವೇ ಎಂದು ಚರ್ಚೆಗೆ ಕೂತ ವರದಿಯಿಲ್ಲ. ಎಲ್ಲ ದೇಶದವರೂ ಎದ್ದು ಹೊರಗೋಡಿದರು. ಅಂದೇ ರಾತ್ರಿ ಬಾಗಿಲು ಮತ್ತೆ ತೆರೆಯಿತು, ಒಳಗೆ ಬಂದು ಕೂತರು. ಎರಡು ದಿನ ಕಳೆದು ಹೊರಬಿದ್ದ ಮುಖ್ಯ ನಿರ್ಣಯದಲ್ಲಿ ಪಳೆಯುಳಿಕೆ ಇಂಧನ ಎಂಬ ಪದವೇ ಇರಲಿಲ್ಲ.