ಹದಿನಾಲ್ಕು ವರ್ಷ ಆಯ್ತು, ಹುಲಿ ಇನ್ನೂ ಕಾಡಲ್ಲೇ ಇದೆ

ರಾಮ ಕೂಡ ಹದಿನಾಲ್ಕು ವರ್ಷಕ್ಕೆ ವನವಾಸ ಮುಗಿಸಿ ಊರಿಗೆ ಬಂದ. ಸಿಡ್ನಿಯ ವೆಸ್ಟ್ಸ್ ಟೈಗರ್ಸ್ ತಂಡ ಆಸ್ಟ್ರೇಲಿಯಾದ ರಗ್ಬಿ ಲೀಗ್ ಟೂರ್ನಿ ಎನ್‌ಆರ್‌ಎಲ್‌ನಲ್ಲಿ ಕೊನೇ ಸಲ ಫೈನಲ್ಸ್ ಆಡಿದ್ದು 2011ರಲ್ಲಿ. 2012ರಿಂದ 2025ರ ತನಕ ಬೆರಳು ಮಡಚಿ ಎಣಿಸಿ, ಸರಿಯಾಗಿ 14 ಸೀಸನ್. ಅಯೋಧ್ಯೆ ಯಾವ ದಿಕ್ಕಿಗಿದೆ ಅಂತ ಈ ಕ್ಲಬ್ಬಿಗೆ ಇನ್ನೂ ಗೊತ್ತಾಗಿಲ್ಲ.

ರಗ್ಬಿ ಲೀಗ್ ನೋಡದವರಿಗೆ ಒಂದು ಮಾತು. 2022ರ ತನಕ ಇದ್ದಿದ್ದು 16 ತಂಡ, 2023ರಿಂದ 17. ಮೊದಲ ಎಂಟರಲ್ಲಿ ಬಂದ್ರೆ ಫೈನಲ್ಸ್, ನಮ್ಮ ಐಪಿಎಲ್ ಪ್ಲೇಆಫ್ ಥರ. ಅಂದ್ರೆ ಹೆಚ್ಚುಕಮ್ಮಿ ಅರ್ಧ ಕ್ಲಾಸ್ ಪಾಸ್. ಅರ್ಧ ಕ್ಲಾಸ್ ಪಾಸಾಗೋ ಪರೀಕ್ಷೆಯಲ್ಲಿ 14 ಸಲ ಬಿಡದೆ ಫೇಲಾಗೋಕೆ ಬರೀ ಗ್ರಹಚಾರ ಸಾಲಲ್ಲ, ಶ್ರದ್ಧೆಯಿಂದ ಕೆಲಸ ಮಾಡಿರಬೇಕು.

ಬೆಂಗಳೂರು ಕಡೆಯವರು ಆರ್‌ಸಿಬಿ ಕಥೆ ಹೇಳಿ ಸಮಾಧಾನ ಮಾಡ್ತಾರೆ. ದಯವಿಟ್ಟು ಬೇಡ. ಕಪ್ ಇಲ್ಲದ ಕಾಲದಲ್ಲೂ ಆರ್‌ಸಿಬಿ 2009, 2011, 2016ರಲ್ಲಿ ಫೈನಲ್ ಆಡಿತ್ತು. ಎದೆ ಒಡ್ಕೊಳ್ಳೋಕಾದ್ರೂ ಒಂದು ದೊಡ್ಡ ಮ್ಯಾಚ್ ಬೇಕಲ್ವಾ? ಇಲ್ಲಿ ಸಿಕ್ಕಿದ್ದು ಒಂಬತ್ತನೇ ಸ್ಥಾನ. 2016ರಲ್ಲಿ ಒಂಬತ್ತು, 2018ರಲ್ಲಿ ಒಂಬತ್ತು, 2019ರಲ್ಲಿ ಮತ್ತೆ ಒಂಬತ್ತು. 2016ರ ಕೊನೇ ಸುತ್ತಿನಲ್ಲಿ ತಮ್ಮದೇ ಮೈದಾನ ಲೈಕಾರ್ಟ್ ಓವಲ್‌ನಲ್ಲಿ ಗೆದ್ದಿದ್ರೆ ಒಳಗೆ. ಕ್ಯಾನ್‌ಬೆರಾ ಕೈಲಿ 52-10 ಏಟು ತಿಂದ್ರು. 2019ರಲ್ಲಿ ಅದೇ ಮೈದಾನ, ಅದೇ ಕೊನೇ ಸುತ್ತು, ಗೆದ್ದವರಿಗೆ ಫೈನಲ್ಸ್. ಕ್ರೊನುಲ್ಲಾ 25, ಟೈಗರ್ಸ್ 8. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋ ಗಾದೆಯನ್ನ ಜೆರ್ಸಿ ಮೇಲೇ ಅಚ್ಚು ಹಾಕಿಸಬಹುದಿತ್ತು. ಜೆರ್ಸಿ ಅಂದಾಗ ನೆನಪಾಯ್ತು, 2023ರ ಆನ್‌ಝಾಕ್ ದಿನದ ಜೆರ್ಸಿ ಮೇಲೆ ಇವರು ಹಾಕಿಸಿದ್ದು ಅಮೆರಿಕದ ಸೈನಿಕರ ಚಿತ್ರ. ಆಸ್ಟ್ರೇಲಿಯಾದವರ, ನ್ಯೂಜಿಲೆಂಡಿನವರ ಹುತಾತ್ಮರ ದಿನಕ್ಕೆ! ಒಬ್ಬರಾದ್ರೂ ಕಣ್ಣು ಬಿಟ್ಟು ನೋಡಬಾರದಾ?

ಈಗ ಅಸಲು ಸಂಕಟಕ್ಕೆ ಬರೋಣ. ಈ ಆಟದಲ್ಲಿ ಬೆನ್ನೆಲುಬು ಅಂದ್ರೆ ನಾಲ್ಕು ನಂಬರ್: 1 ಫುಲ್‌ಬ್ಯಾಕ್, 6 ಫೈವ್-ಎಯ್ತ್, 7 ಹಾಫ್‌ಬ್ಯಾಕ್, 9 ಹುಕರ್. ಆರು ಟ್ಯಾಕಲ್ (ಎದುರಾಳಿ ಹಿಡಿದು ಕೆಡವೋದು) ಒಳಗೆ ಚೆಂಡು ಯಾವ ಕಡೆ ಹೋಗಬೇಕು, ಕೊನೇ ಟ್ಯಾಕಲ್‌ಗೆ ಎಲ್ಲಿ ಒದೀಬೇಕು ಅನ್ನೋದು ಈ ನಾಲ್ವರ ತಲೆಯಲ್ಲಿರುತ್ತೆ. ಮಾತಾಡದೇ ಒಬ್ಬರಿಗೊಬ್ಬರು ಅರ್ಥ ಆಗೋಕೆ ಎರಡು ಮೂರು ವರ್ಷ ಜೊತೆಗೆ ಆಡಬೇಕು. ಟೈಗರ್ಸ್ ಹತ್ರ ಆ ನಾಲ್ವರೂ ಇದ್ರು! ಜೇಮ್ಸ್ ಟೆಡೆಸ್ಕೊ, ಮಿಚೆಲ್ ಮೋಸೆಸ್, ಲೂಕ್ ಬ್ರೂಕ್ಸ್, ರಾಬಿ ಫರಾ. ಮುಂದೆ ಪ್ರಾಪ್ ಜಾಗದಲ್ಲಿ ಆರನ್ ವುಡ್ಸ್. ಯಾವ ಪುಣ್ಯಾತ್ಮ ಕಾಗದ ಬರೆದನೋ, ಟೆಡೆಸ್ಕೊ, ಮೋಸೆಸ್, ಬ್ರೂಕ್ಸ್, ವುಡ್ಸ್ ನಾಲ್ವರ ಒಪ್ಪಂದವೂ 2017ರಲ್ಲೇ ಮುಗಿಯೋ ಹಾಗೆ ಬರೆದಿದ್ದ. ಒಂದೇ ದಿನ ಎಲ್ಲ ಸಾಲಗಾರರೂ ಬಾಗಿಲಿಗೆ ಬರೋ ಹಾಗೆ ವ್ಯವಸ್ಥೆ ಮಾಡ್ಕೊಂಡ್ರೆ ಯಾರ ಜೇಬು ತಡೆಯುತ್ತೆ? ಸಂಬಳಕ್ಕೆ ಲೀಗಿನ ಮಿತಿ ಇದೆ, ಎಲ್ಲರಿಗೂ ಒಟ್ಟಿಗೆ ಏರಿಸೋಕಾಗಲ್ಲ. ಮೋಸೆಸ್ ಸೀಸನ್ ಮಧ್ಯದಲ್ಲೇ ಪ್ಯಾರಮ್ಯಾಟಾಗೆ ಹೋದ. ಟೆಡೆಸ್ಕೊ ರೂಸ್ಟರ್ಸ್ ಸೇರಿ 2018, 2019 ಎರಡೂ ವರ್ಷ ಕಪ್ ಎತ್ತಿದ. ಫರಾ ಅಷ್ಟರಲ್ಲಾಗಲೇ ಸೌತ್ ಸಿಡ್ನಿ ಪಾಲಾಗಿದ್ದ. ಉಳಿದವನು ಬ್ರೂಕ್ಸ್ ಒಬ್ಬನೇ. 200ಕ್ಕೂ ಹೆಚ್ಚು ಮ್ಯಾಚ್ ಟೈಗರ್ಸ್‌ಗೆ ಆಡಿದ, ಒಂದೇ ಒಂದು ಫೈನಲ್ಸ್ ಮ್ಯಾಚ್ ಕಾಣಲಿಲ್ಲ. 2024ರಲ್ಲಿ ಮ್ಯಾನ್ಲಿಗೆ ಹೋದ, ಮೊದಲ ವರ್ಷವೇ ಫೈನಲ್ಸ್ ಆಡಿದ.

ಇವರು ಕಣ್ಣೆದುರೇ ಹೋದವರು, ಕಣ್ಣಿಗೇ ಬೀಳದೆ ಜಾರಿದವರು ಬೇರೆ. ಜಾಶ್ ಆಡೊ-ಕಾರ್ 2016ರಲ್ಲಿ ಇಲ್ಲೇ ಶುರು ಮಾಡಿ, ಮೆಲ್ಬರ್ನ್ ಸ್ಟಾರ್ಮ್‌ಗೆ ಹೋಗಿ 2017, 2020ರ ಕಪ್ ಗೆದ್ದ. ರಯನ್ ಪ್ಯಾಪನ್‌ಹೈಜನ್ ಟೈಗರ್ಸ್‌ನ ಕಿರಿಯರ ತಂಡದ ಹುಡುಗ. 2020ರ ಗ್ರ್ಯಾಂಡ್ ಫೈನಲ್‌ನಲ್ಲಿ ಪಂದ್ಯಶ್ರೇಷ್ಠ ಪದಕ ಹಾಕ್ಕೊಂಡಿದ್ದು ಸ್ಟಾರ್ಮ್ ಜೆರ್ಸಿಯಲ್ಲಿ. ಹಿತ್ತಲಲ್ಲಿ ತೆಂಗಿನಮರ ಬೆಳೆಸಿ ಪಕ್ಕದ ಮನೆಯವರಿಗೆ ಎಳನೀರು ಕುಡಿಸೋ ಧರ್ಮಛತ್ರ ಇದು.

ಸೋತಾಗ ಮಾಡೋದೇನು? ಕೋಚ್ ಬದಲಾಯಿಸೋದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. 2005ರ ಏಕೈಕ ಕಪ್ ತಂದುಕೊಟ್ಟ ಟಿಮ್ ಶೀನ್ಸ್‌ನ 2012ರಲ್ಲಿ ತೆಗೆದ್ರು. ಆಮೇಲೆ ಮಿಕ್ ಪಾಟರ್, ಜೇಸನ್ ಟೇಲರ್, ಐವನ್ ಕ್ಲಿಯರಿ, ಮೈಕಲ್ ಮಗ್ವಾಯರ್. ಸುತ್ತಿ ಬಳಸಿ 2023ರಲ್ಲಿ ಮತ್ತೆ ಅದೇ ಶೀನ್ಸ್! ಎರಡು ವರ್ಷದ ಯೋಜನೆ ಅಂದ್ರು, ಒಂದೇ ವರ್ಷಕ್ಕೆ ಮುಗಿಸಿ ಬೆಂಜಿ ಮಾರ್ಷಲ್ ಕೈಗೆ ಕೊಟ್ರು. ಇಲ್ಲಿಂದ ಹೋದ ಕ್ಲಿಯರಿ ಪೆನ್ರಿತ್‌ನಲ್ಲಿ 2021ರಿಂದ 2024ರ ತನಕ ಸಾಲಾಗಿ ನಾಲ್ಕು ಕಪ್ ಗೆದ್ದ. 2022ರಲ್ಲಿ ಇವರು ಮನೆಗೆ ಕಳಿಸಿದ ಮಗ್ವಾಯರ್ 2025ರಲ್ಲಿ ಬ್ರಿಸ್ಬೇನ್ ಬ್ರಾಂಕೋಸ್‌ಗೆ ಕಪ್ ಕೊಡಿಸಿದ. ಇಬ್ಬರಿಗೂ ಹೊರಗೆ ಹೋದ ಮೇಲೆ ಕೋಚಿಂಗ್ ಬಂತಾ, ಹಾಗಾದ್ರೆ?

ಕೋಚ್ ಬದಲಾದಾಗ ಆಗೋ ನಷ್ಟ ಸ್ಕೋರ್‌ಬೋರ್ಡಲ್ಲಿ ಕಾಣಲ್ಲ. ಹೊಸಬ ಬಂದ ಕೂಡಲೇ ಹಳಬ ತಂದ ಆಟಗಾರರು ಬೇಡ ಅಂತಾನೆ. ಒಪ್ಪಂದ ಇನ್ನೂ ಬಾಕಿ ಇರುತ್ತೆ, ಅವರನ್ನ ಬೇರೆ ಕ್ಲಬ್ಬಿಗೆ ದಾಟಿಸೋಕೆ ಸಂಬಳದ ಒಂದು ಪಾಲು ಇಲ್ಲಿಂದಲೇ ಕೊಡಬೇಕು. ಆ ದುಡ್ಡು ಮಿತಿಯ ಲೆಕ್ಕಕ್ಕೆ ಬೀಳುತ್ತೆ. ಉಳಿದ ದುಡ್ಡಲ್ಲಿ ಸೋಲೋ ಕ್ಲಬ್ಬಿಗೆ ಬನ್ನಿ ಅಂತ ಕರೆಯೋಕೆ ಬೇರೆಯವರಿಗಿಂತ ಜಾಸ್ತಿ ಕೊಡಬೇಕು, ಒಂದು ವರ್ಷ ಉದ್ದ ಬರೀಬೇಕು. 31 ವಯಸ್ಸಿನವನಿಗೆ ಉದ್ದದ ಒಪ್ಪಂದ, 19ರ ಹುಡುಗನಿಗೆ ಆಮೇಲೆ ನೋಡೋಣ. ಮೂರು ವರ್ಷ ಕಳೆದ ಮೇಲೆ ಮತ್ತೆ ಹೊಸ ಕೋಚ್.

ಇದೆಲ್ಲ ಮೈದಾನದಲ್ಲಿ ಹೇಗೆ ಕಾಣುತ್ತೆ ಅಂದ್ರೆ, 2023ರ ಮೇ 20ಕ್ಕೆ ಲೈಕಾರ್ಟ್‌ನಲ್ಲಿ ನಾರ್ತ್ ಕ್ವೀನ್ಸ್‌ಲೆಂಡ್ ಕೌಬಾಯ್ಸ್ ಮೇಲೆ 66-18 ಗೆಲುವು. ಸರಿಯಾಗಿ ಆರು ವಾರಕ್ಕೆ, ಜುಲೈ 1ರಂದು, ಟೌನ್ಸ್‌ವಿಲ್‌ನಲ್ಲಿ ಅದೇ ಕೌಬಾಯ್ಸ್ ಕೈಲಿ 74-0. ಸೊನ್ನೆ! ಆಗಿನ ನಿಯಮದಲ್ಲಿ ಟ್ರೈ (ಎದುರಾಳಿಯ ಗೆರೆ ದಾಟಿ ಚೆಂಡು ನೆಲಕ್ಕೂರೋದು) ಬಿಟ್ಟುಕೊಟ್ಟವರೇ ಕಿಕ್‌ಆಫ್ ಮಾಡಬೇಕು, ಅಂದ್ರೆ ಚೆಂಡು ಮತ್ತೆ ಹೊಡೆದವರ ಕೈಗೇ. ಪ್ರತಿ ಟ್ಯಾಕಲ್ ಆದಮೇಲೆ ಇಡೀ ಸಾಲು 10 ಮೀಟರ್ ಹಿಂದೆ ಓಡಿ ಮತ್ತೆ ಮುಂದೆ ನುಗ್ಗಬೇಕು. ಬದಲಿ ಇಳಿಸೋಕೆ ಇರೋದು ಎಂಟೇ ಅವಕಾಶ. ಸುಸ್ತಾದ ಸಾಲಿನಲ್ಲಿ ಮೊದಲು ಹರಿಯೋದು ಅಂಚು. ಸೆಂಟರ್ ಒಳಗೆ ನುಗ್ಗಿರ್ತಾನೆ, ವಿಂಗರ್ ಗೆರೆ ಹತ್ರ ನಿಂತಿರ್ತಾನೆ, ನಡುವೆ ಎತ್ತಿನಗಾಡಿ ಹೋಗೋ ಜಾಗ. ಕಬಡ್ಡಿಯಲ್ಲಿ ಕೈ ಕೈ ಹಿಡಿದ ಚೈನ್ ಬಿಟ್ಟುಹೋದ್ರೆ ರೈಡರ್ ನುಸುಳ್ತಾನಲ್ಲ, ಹಾಗೆ. ಪಕ್ಕದವನು ಒಳಗೆ ಹೋಗ್ತಾನಾ ನಿಲ್ತಾನಾ ಅನ್ನೋದು ವರ್ಷಗಟ್ಟಲೆ ಪಕ್ಕದಲ್ಲೇ ಆಡಿದವನಿಗೆ ಮಾತ್ರ ಗೊತ್ತು. ಇಲ್ಲಿ ಪಕ್ಕದವನು ವರ್ಷಕ್ಕೊಬ್ಬ.

2022, 2023, 2024 ಮೂರೂ ವರ್ಷ ಕಟ್ಟಕಡೆಯ ಸ್ಥಾನ. ಆಸ್ಟ್ರೇಲಿಯಾದ್ದೇ ಇನ್ನೊಂದು ಆಟ ಎಎಫ್‌ಎಲ್‌ನಲ್ಲಿ ಕೊನೆಗೆ ಬಂದವರಿಗೆ ಡ್ರಾಫ್ಟಿನಲ್ಲಿ, ಅಂದ್ರೆ ಹೊಸ ಹುಡುಗರನ್ನ ತಂಡಗಳಿಗೆ ಹಂಚೋವಾಗ, ಮೊದಲ ಆಯ್ಕೆ ಸಿಗುತ್ತೆ. ಎನ್‌ಆರ್‌ಎಲ್‌ನಲ್ಲಿ ಡ್ರಾಫ್ಟೇ ಇಲ್ಲ, ಸಿಗೋದು ಬರೀ ಮರದ ಚಮಚ, ಕೊನೆಗೆ ಬಂದವರಿಗೆ ಅಣಕಕ್ಕೆ ಇಟ್ಟ ಹೆಸರು. 2024ರ ಕೊನೇ ಮ್ಯಾಚು ಆ ಚಮಚ ಯಾರಿಗೆ ಅನ್ನೋದಕ್ಕೇ ನಡೀತು. ಸ್ವಂತ ಊರು ಕ್ಯಾಂಬೆಲ್‌ಟೌನ್‌ನಲ್ಲಿ ಪ್ಯಾರಮ್ಯಾಟಾಗೆ 60-26ರಲ್ಲಿ ಸೋತು ತಾವೇ ತಗೊಂಡ್ರು. ಸ್ವಂತ ಊರು ಅಂದ್ರೂ ಯಾವುದು ಹೇಳಿ? ಬಾಲ್ಮೇನ್, ವೆಸ್ಟರ್ನ್ ಸಬರ್ಬ್ಸ್ ಅನ್ನೋ 1908ರ ಎರಡು ಕ್ಲಬ್ಬು ಸೇರಿ 2000ದಲ್ಲಿ ಆಡೋಕೆ ಶುರು ಮಾಡಿದ ತಂಡ. ಲೈಕಾರ್ಟ್‌ನಲ್ಲೊಂದು ಮನೆ, ಸುಮಾರು 50 ಕಿ.ಮೀ. ಆಚೆ ಕ್ಯಾಂಬೆಲ್‌ಟೌನ್‌ನಲ್ಲೊಂದು, ಸಾಲದ್ದಕ್ಕೆ ಪ್ಯಾರಮ್ಯಾಟಾದಲ್ಲಿ ಎದುರಾಳಿ ಮನೆಯಲ್ಲೇ ಬಾಡಿಗೆ.

2025ರಲ್ಲಿ ಹದಿಮೂರನೇ ಸ್ಥಾನ ಬಂತು, ಅದಕ್ಕೇ ಚಪ್ಪಾಳೆ. ಆ ಚಪ್ಪಾಳೆ ನಡುವೆಯೇ 19 ವರ್ಷದ ಲಾಕ್ಲನ್ ಗ್ಯಾಲ್ವಿನ್ ಹೊಸ ಒಪ್ಪಂದ ಬೇಡ ಅಂತ ಹೇಳಿ, ಸೀಸನ್ ಮಧ್ಯದಲ್ಲೇ ಬುಲ್‌ಡಾಗ್ಸ್ ಸೇರಿದ. ನಮಗೆ ನವೆಂಬರ್ 1 ಅಂದ್ರೆ ರಾಜ್ಯೋತ್ಸವ. ಎನ್‌ಆರ್‌ಎಲ್‌ನಲ್ಲಿ ಅದು ಒಪ್ಪಂದದ ಕೊನೇ ವರ್ಷಕ್ಕೆ ಕಾಲಿಟ್ಟ ಆಟಗಾರ ಬೇರೆ ಕ್ಲಬ್ಬಿನ ಜೊತೆ ಬಹಿರಂಗವಾಗಿ ಮಾತಾಡಬಹುದಾದ ಮೊದಲ ದಿನ. ಇಲ್ಲಿ ನಾವು ಬಾವುಟ ಹಾರಿಸ್ತೀವಿ, ಅಲ್ಲಿ ಟೈಗರ್ಸ್ ಹುಡುಗರ ಮ್ಯಾನೇಜರ್‌ಗಳ ಫೋನ್ ಬಡ್ಕೊಳ್ಳೋಕೆ ಶುರುವಾಗುತ್ತೆ.